ಹತ್ತು ಕಲಮಿನ ಕರಾರು

ನನಗೊಂದು ಕೆಟ್ಟ ಚಟವಿದೆ. ತಂಬಾಕು, ಚಹಾ ಅಂತ ನೀವು ಊಹಿಸಿದರೆ ತಪ್ಪೇನಲ್ಲ, ಅವೂ ಇವೆ. ಇದು ಅವಕ್ಕಿಂತ ಹಳೆಯದು. ಯಾರು ಏನು ಕೇಳಿದರೂ ನನ್ನ ಬಲಗೈ ಹೆಬ್ಬೆರಳು ತಾನಾಗಿಯೇ ಕಿರುಬೆರಳಿನ ಮೇಲೆ ಹೋಗಿ ಕೂಡುತ್ತದೆ, ಬಾಯಿ ‘ಒಂದನೇ ಕಲಂ’ ಅನ್ನುತ್ತದೆ. ಮೊನ್ನೆ ಮಗ್ಗುಲ ಮನೆಯವರು ಏಣಿ ಕೇಳಲು ಬಂದರು. ಒಂದನೇ ಕಲಂ, ಸಂಜೆಯೊಳಗೆ ತಿರುಗಿ ತರಬೇಕು. ಎರಡನೇ ಕಲಂ, ಮೇಲಿನ ಮೆಟ್ಟಿಲ ಮೇಲೆ ದಪ್ಪ ಮನುಷ್ಯರು ನಿಲ್ಲಬಾರದು. ನಾನು ಮೂರನೆಯದಕ್ಕೆ ಬರುವಷ್ಟರಲ್ಲಿ ಅವರು ಆಚೆ ಮನೆಯ ಏಣಿ ಹೊತ್ತುಕೊಂಡು ನಡೆದಿದ್ದರು.

ಇದು ಕಸುಬಿನಿಂದ ಹತ್ತಿದ ರೋಗ. ನಿಜಾಮರ ಆಳಿಕೆಯಲ್ಲಿ ನಾನು ಚಿತ್ತಾಪುರದ ತಹಸೀಲ ಕಚೇರಿಯ ಮುಂದೆ, ಬೇವಿನ ಗಿಡದ ಕೆಳಗೆ ಕೂತು ಅರ್ಜಿ, ಕರಾರುಪತ್ರ ಬರೆಯುವ ಮುನಶಿಯಾಗಿದ್ದೆ. ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ, ಬಂದವರ ಮಾತೆಲ್ಲ ಕನ್ನಡದಲ್ಲಿ, ಸೇಡಂ ಕಡೆಯವರಾದರೆ ಅರ್ಧ ತೆಲುಗಿನಲ್ಲಿ. ನಡುವೆ ನಾನು. ಅಣ್ಣ ತಮ್ಮ ಬದುವಿನ ಕಲ್ಲಿಗಾಗಿ ಜಗಳಾಡಿ, ಅತ್ತು, ಮೂಗು ಒರೆಸಿಕೊಳ್ಳುತ್ತ ನನ್ನ ಮುಂದೆ ಕುಂತರೆ, ಅವರ ಕಣ್ಣೀರನ್ನೆಲ್ಲ ಬತ್ತಿಸಿ ‘ಮೊದಲನೇ ಪಕ್ಷ’, ‘ಎರಡನೇ ಪಕ್ಷ’ ಎಂದು ಒಣಗಿಸಿ ಇಡುವುದೇ ನನ್ನ ಕೆಲಸ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಸಾಕ್ಷಿ ಯಾರು, ಹೆಬ್ಬೆಟ್ಟು ಎಲ್ಲಿ. ಇದರಲ್ಲಿ ನಾನು ಭಾಳ ಹುಷಾರಿ ಅಂತ ಊರೆಲ್ಲ ಅನ್ನುತ್ತಿತ್ತು. ಊರಿಗಿಂತ ಒಂದು ಕೈ ಹೆಚ್ಚು ನಾನೇ ಅನ್ನುತ್ತಿದ್ದೆ.

ಖರೇ ಹೇಳಬೇಕೆಂದರೆ ರೋಗ ಕಸುಬಿಗಿಂತ ಮೊದಲೇ ಇತ್ತು. ಶಾಲೆಯಲ್ಲಿದ್ದಾಗ, ಪರೀಕ್ಷೆಯಲ್ಲಿ ಪಾಸಾದರೆ ಒಂದು ತೆಂಗಿನಕಾಯಿ ಒಡೆಸುತ್ತೇನೆ ಎಂದು ಕೆರೆ ದಂಡೆಯ ಬಸವಣ್ಣನಿಗೆ ಮಾತು ಕೊಟ್ಟಿದ್ದೆ. ಉರ್ದುವಿನಲ್ಲಿ ಪಾಸಾದೆ, ಗಣಿತದಲ್ಲಿ ನಪಾಸಾದೆ. ದೇವರು ಅರ್ಧವೇ ನಡೆಸಿಕೊಟ್ಟ ಅಂದ ಮೇಲೆ ನಾನೂ ಅರ್ಧ ಹೋಳು ಗುಡಿಯಲ್ಲಿಟ್ಟು, ಉಳಿದರ್ಧ ಗುಡಿಯ ಹಿಂದೆ ಕೂತು ತಿಂದು ಬಂದೆ. ನನ್ನ ಆಯಿ ಗದ್ದಕ್ಕೆ ಹತ್ತಿದ ಕೊಬ್ಬರಿಚೂರು ನೋಡಿ ಎಲ್ಲ ಬಾಯಿಬಿಡಿಸಿದಳು. “ದೇವರ ಕೂಡ ಸಂತಿ ವ್ಯಾಪಾರ ಮಾಡ್ತೀಯೇನೋ ಭಾಡ್ಯಾ” ಎಂದು ಬೆನ್ನ ಮೇಲೆ ಎರಡು ಕೊಟ್ಟಳು. ಪಾಪ, ಆಕೆಗೆ ಕರಾರಿನ ಕಾನೂನು ಗೊತ್ತಿರಲಿಲ್ಲ ಎಂದು ನಾನು ಆಕೆಯನ್ನು ಕ್ಷಮಿಸಿದೆ.

ಇಂಥವನಿಗೆ ಚಿಂಚೋಳಿ ತಾಲೂಕಿನ ಕೊಡ್ಲಿಯಿಂದ ಚಂದಮ್ಮ ಹೆಂಡತಿಯಾಗಿ ಬಂದಳು. ಓದು ಬರಹ ಬರದ, ಮಾತು ಕಡಿಮೆಯ, ನಗು ಬಂದರೆ ಸೆರಗು ಕಚ್ಚಿಕೊಂಡು ನಗುವ ಹೆಣ್ಣುಮಗಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಸುಖವಾಗಿ ಹೆರಿಗೆಯಾಯಿತು, ಹೆಣ್ಣುಕೂಸು ಎಂದು ಸುದ್ದಿ ಬಂದ ದಿನ ನಾನು ಕಚೇರಿಗೆ ಬಂದವರಿಗೆಲ್ಲ ಸಕ್ಕರೆ ಹಂಚಿದೆ. ಇಲ್ಲಿತನಕ ನಾನೂ ಮನುಷ್ಯನ ಹಾಗೇ ಇದ್ದೆ, ಗಮನಿಸಿರಿ.

ಮುಂದೆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯಕ್ಕೆ ಕರೆ ಬಂತು. ಕರೆ ಬಂದ ರೀತಿ ನನಗೆ ಸೇರಲಿಲ್ಲ. ನಮ್ಮ ಕಡೆ ಅಳಿಯನನ್ನು ಇಂಥ ಕಾರ್ಯಕ್ಕೆ ಕರೆಯಬೇಕಾದರೆ ಮಾವನ ಮನೆಯವರೇ ಒಬ್ಬರು ಬಂದು, ಮನೆಯಲ್ಲಿ ಕೂತು, ಎಲೆ ಅಡಿಕೆ ಕೊಟ್ಟು ಕರೆಯಬೇಕು. ನನಗೋ, ಕಚೇರಿ ಕೆಲಸಕ್ಕೆಂದು ಬಂದಿದ್ದ ಕೊಡ್ಲಿಯ ಒಬ್ಬ ಒಕ್ಕಲಿಗ, ಮಂದಿಯ ನಡುವೆ ನಿಂತುಕೊಂಡೇ, “ಮುನಶೀರ, ನಿಮ್ಮ ಮಾವ ಬಂಡೆಪ್ಪನವರು ತೊಟ್ಲಕ್ಕ ಬರ್ರಿ ಅಂದಾರ” ಅಂದ. ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದ. ನಾನು ಕೇಳದೆ ಮುಂದಿನ ಕಕ್ಷಿದಾರನನ್ನು ಕರೆದೆ.

ಹೋಗಲಿಲ್ಲ. ಕರೆಯದೆ ಹೋದರೆ ಮುನಶಿಯ ಮಾನ ಏನಾದೀತು? ನಾನು ಹೋಗದಿದ್ದಾಗ ಅವರು ಬಂದು ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ ಎಂದುಕೊಂಡೆ. ಬರಲಿಲ್ಲ. ಬಾಣಂತನ ಮುಗಿದ ಮೇಲೆ ಚಂದಮ್ಮ ತಾನೇ ಬರುತ್ತಾಳೆ ಎಂದುಕೊಂಡೆ. ಬರಲಿಲ್ಲ. ಐದು ತಿಂಗಳಾಯಿತು. ಹಡೆದ ಮಗಳ ಮುಖ ನೋಡದೆ ಐದು ತಿಂಗಳು ನಾನು ಪಕ್ಕಾ ಕಾನೂನಿನ ಪ್ರಕಾರ ಉಪವಾಸ ಕೂತವನಂತೆ ಕೂತೆ. ಒಣರೊಟ್ಟಿ ಮುರಿದು ತಿನ್ನುವಾಗ ಮನೆಯೆಲ್ಲ ಕೇಳಿಸುತ್ತಿತ್ತು, ಅಷ್ಟು ಬಣಬಣ ಆಗಿತ್ತು ಮನೆ.

ಕಡೆಗೆ ತಡೆಯಲಾರದೆ ಏನು ಮಾಡಿದೆ ಕೇಳಿ. ಬೇರೆ ಗಂಡಸಾಗಿದ್ದರೆ ಗಾಡಿ ಹತ್ತುತ್ತಿದ್ದ. ನಾನು ಬಿಳಿಕಾಗದ ತೆಗೆದು, ಲೆಕ್ಕಣಿಕೆ ಚೂಪು ಮಾಡಿ, ಕರಾರು ಬರೆದೆ. ‘ಮೊದಲನೇ ಪಕ್ಷ, ಗಂಡ. ಎರಡನೇ ಪಕ್ಷ, ಹೆಂಡತಿ.’ ಒಂದನೇ ಕಲಂ, ಮಾವನವರು ಚಿತ್ತಾಪುರಕ್ಕೆ ಖುದ್ದಾಗಿ ಬಂದು ಅಳಿಯನನ್ನು ಕರೆಯತಕ್ಕದ್ದು. ಎರಡನೇ ಕಲಂ, ಕರೆಯದೆ ಬಿಟ್ಟದ್ದು ತಪ್ಪಾಯಿತೆಂದು ಇಬ್ಬರು ಹಿರಿಯರ ಮುಂದೆ ಒಪ್ಪತಕ್ಕದ್ದು. ಐದನೆಯದು, ಕೊಡ್ಲಿಯ ತೊಗರಿಬ್ಯಾಳಿಯನ್ನೂ ಬಾವಿ ನೀರನ್ನೂ ಚಿತ್ತಾಪುರದವುಗಳ ಜೊತೆ ಹೋಲಿಸಿ ಮಾತಾಡತಕ್ಕದ್ದಲ್ಲ. ಎಂಟನೆಯದು ಗೊರಕೆಯ ಕುರಿತು, ಅದು ನಿಮಗೆ ಬೇಡ. ಹೀಗೆ ಹತ್ತು. ಕೆಳಗೆ ಎರಡನೇ ಪಕ್ಷದ ಹೆಬ್ಬೆಟ್ಟಿಗೆ ಜಾಗ ಬಿಟ್ಟು ಸುತ್ತ ಚೌಕ ಎಳೆದೆ. ಅಕ್ಷರ ಎಷ್ಟು ದುಂಡಗೆ ಬಂದಿತ್ತೆಂದರೆ ಎರಡು ಸಲ ಓದಿ ನಾನೇ ತಲೆದೂಗಿದೆ.

ಕಾಗದ ಮುಟ್ಟಿಸುವವರು ಯಾರು ಎಂದು ಯೋಚಿಸುತ್ತಿದ್ದಾಗ ಸಮುವೇಲಪ್ಪ ಮಾಸ್ತರು ಸಿಕ್ಕರು. ಕ್ರೈಸ್ತರು, ಹಳ್ಳಿ ಹಳ್ಳಿ ತಿರುಗಿ ಮಕ್ಕಳಿಗೆ ಅಕ್ಷರ ಕಲಿಸುವವರು. ಶಾಲೆಗೆ ಒಂದು ಛಪ್ಪರ ಹಾಕಿಕೊಳ್ಳಲು ಪರವಾನಗಿ ಬೇಕೆಂದು ಅರ್ಜಿ ಬರೆಸಲು ಬಂದಿದ್ದರು. ಚಿಂಚೋಳಿ ಕಡೆ ಹೋಗುವವರಿದ್ದರು. ಕಾಗದ ಕೈಗೆ ಕೊಟ್ಟೆ. ಕೊಟ್ಟವನು ಸುಮ್ಮನಿರಬೇಕೋ ಬೇಡವೋ?

“ಮಾಸ್ತರ, ಇದು ಕೊಡ್ಲಿಗಿ ಮುಟ್ಟತದ, ಜವಾಬ ಬರತದ ಅನ್ನೂದಕ್ಕ ಖಾತ್ರಿ ಏನು?” ಅಂದೆ.

ಮಾಸ್ತರು ಚೀಲದಿಂದ ದಪ್ಪ ಪುಸ್ತಕವೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. “ಇದಕ್ಕಿಂತ ದೊಡ್ಡ ಖಾತ್ರಿ ನನ್ನ ಕಡಿ ಇಲ್ರಿ. ಇದನ್ನ ಬಿಟ್ಟು ನಾ ಭಾಳ ದಿನ ಇರಾಂಗಿಲ್ಲ, ತಿರಗಿ ಬಂದೇ ಬರ್ತೀನಿ. ಅಲ್ಲೀತನಕ ಓದಕೋತ ಕುಂದ್ರಿ. ನಿಮ್ಮ ಕಸಬಿನ ಮಾತು ಇದರಾಗ ಭಾಳ ಅದ.”

ಅವರ ಧರ್ಮಗ್ರಂಥವದು. ಕನ್ನಡದಲ್ಲೇ ಇತ್ತು. ಕಸುಬಿನ ಮಾತು ಅಂದದ್ದು ಸುಳ್ಳಲ್ಲ. ಎಲ್ಲಿ ತೆರೆದರೂ ಒಡಂಬಡಿಕೆ, ಒಡಂಬಡಿಕೆ. ದೇವರು ಒಂದು ಕಡೆ, ಇಸ್ರಾಯೇಲ್ಯರು ಅನ್ನುವ ಹಳೇ ಕಾಲದ ಮಂದಿ ಒಂದು ಕಡೆ, ನಡುವೆ ಕರಾರು. ಭಕ್ತಿಯಿಂದ ಓದುವವರು ಕೈಮುಗಿದು ಓದುತ್ತಾರೆ, ನಾನು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದುಕೊಂಡು ಓದಿದೆ. ದೇವರ ಬರವಣಿಗೆಯಲ್ಲಿ ತಪ್ಪು ಹುಡುಕಲು ಕೂತ ಮುನಶಿ ಚಿತ್ತಾಪುರದಲ್ಲಿ ನಾನೊಬ್ಬನೇ ಇರಬೇಕು.

ಮೊದಲು ಪ್ರಳಯದಿಂದ ಉಳಿದ ನೋಹನ ಸಂಗಡ ಕರಾರು. ಇನ್ನೊಮ್ಮೆ ಲೋಕ ಮುಳುಗಿಸುವುದಿಲ್ಲ, ಮೋಡದಲ್ಲಿ ಕಾಮನಬಿಲ್ಲು ಇಟ್ಟಿದ್ದೇನೆ, ಅದೇ ಮೊಹರು. ಮೊಹರೇನೋ ಚಂದ, ಗಳಿಗೆಯಲ್ಲಿ ಅಳಿಸಿಹೋಗುತ್ತದೆ ಎಂದು ಪಕ್ಕದಲ್ಲಿ ಸಣ್ಣಗೆ ಬರೆದೆ. ಆಮೇಲೆ ಅಬ್ರಹಾಮ. ನಮ್ಮ ಕಚೇರಿಯ ಸಾಹೇಬರು ಇಬ್ರಾಹಿಂ ಅನ್ನುವ ಹಿರಿಯ ಇವನೇ. ಇವನಿಗೆ ದೇವರು ನಾಡನ್ನೇ ಬರೆದುಕೊಟ್ಟ. ಈ ನದಿಯಿಂದ ಆ ನದಿಯತನಕ ಎಂದು ಗಡಿ ಹೇಳಿದ್ದು ನೋಡಿ ಸಂತೋಷವಾಯಿತು, ಬರೆಯುವ ಶಿಸ್ತು ಗೊತ್ತಿದ್ದವನೇ ಎನಿಸಿತು. ಆದರೆ ಸ್ವಾಧೀನ ಯಾವಾಗ? ನಾಲ್ಕುನೂರು ವರ್ಷದ ಮೇಲೆ. ಇಂಥ ಕಾಗದ ನಾನು ಬರೆದುಕೊಟ್ಟಿದ್ದರೆ ಕಕ್ಷಿದಾರರು ನನ್ನ ಮೇಜು ಮುರಿಯುತ್ತಿದ್ದರು.

ಅಲ್ಲೇ ಒಂದು ವಿಚಿತ್ರವಿತ್ತು. ಆ ಕಾಲದ ರೂಢಿ ಏನೆಂದರೆ, ಪಶುಗಳನ್ನು ಎರಡೆರಡು ಹೋಳು ಮಾಡಿ ಎದುರುಬದುರು ಇಟ್ಟು, ಮಾತು ಕೊಡುವವರು ಇಬ್ಬರೂ ಆ ಸಾಲುಗಳ ನಡುವೆ ನಡೆಯಬೇಕು. ಮಾತು ತಪ್ಪಿದರೆ ನನಗೂ ಇದೇ ಗತಿ ಎಂದು ಅರ್ಥ. ಲಿಂಗವಂತನಾದ ನನಗೆ ಓದಿಯೇ ಮೈ ಝುಮ್ಮೆಂದಿತು, ಪುಟದ ಮೇಲೆ ಕೈ ಅಡ್ಡ ಇಟ್ಟುಕೊಂಡು ಓದಿದೆ. ಅಬ್ರಹಾಮ ಎಲ್ಲ ಅಣಿಮಾಡಿ ಕಾದ, ಕಾದ, ಗಾಢ ನಿದ್ದೆ ಹೋದ. ಆಗ ಹೊಗೆಯಾಡುವ ಒಂದು ಒಲೆ, ಉರಿಯುವ ಒಂದು ದೀವಟಿಗೆ ಆ ಹೋಳುಗಳ ನಡುವೆ ತಾವೇ ಹಾದುಹೋದವು. ಅದು ದೇವರು. ಅಬ್ರಹಾಮ ಹೆಜ್ಜೆಯಿಡಲೇ ಇಲ್ಲ. ನಾನು ಪೆನ್ಸಿಲು ಒತ್ತಿ ಬರೆದೆ: ‘ಎರಡನೇ ಪಕ್ಷದ ಸಹಿ ಇಲ್ಲ. ಈ ಕಾಗದ ನಡೆಯುವುದಿಲ್ಲ.’

ಮುಂದೆ ಅಬ್ರಹಾಮನ ಸಂತತಿಯೇ ಇಸ್ರಾಯೇಲ್ಯರಾದರು, ಪರದೇಶದಲ್ಲಿ ಬಿಟ್ಟಿ ದುಡಿದು ದುಡಿದು ಸೊರಗಿದರು, ದೇವರು ಮೋಶೆ ಅನ್ನುವ ಮುಖಂಡನ ಕೈಯಲ್ಲಿ ಅವರನ್ನು ಬಿಡಿಸಿ ತಂದ. ಬೆಟ್ಟದ ಬುಡದಲ್ಲಿ ನಿಲ್ಲಿಸಿ ಹತ್ತು ಮಾತು ಹೇಳಿದ. ಹತ್ತು ಎಂದು ಓದಿದ ಕೂಡಲೇ ನಾನು ನೆಟ್ಟಗೆ ಕೂತೆ. ಎಣಿಸಿ ನೋಡಿದೆ, ಹತ್ತೇ. ದೇವರೂ ನಾನೂ ಒಂದೇ ಅಂದಾಜಿನವರು. ಆ ಮಂದಿ ನನ್ನ ಕಕ್ಷಿದಾರರ ಹಾಗೇ, ಹೇಳಿದ್ದೆಲ್ಲ ಮಾಡುತ್ತೇವೆ ಎಂದು ಒಂದೇ ಬಾಯಲ್ಲಿ ಒಪ್ಪಿದರು. ನಲವತ್ತು ದಿನ ತಡೆಯಲಿಲ್ಲ, ಬಂಗಾರದ ಕರು ಮಾಡಿ ಕುಣಿದರು. ಬಸವಣ್ಣನಿಗೆ ಕೈಮುಗಿಯುವ ನನಗೆ ಕರು ಮಾಡಿದ್ದು ಅಷ್ಟು ದೊಡ್ಡ ತಪ್ಪೆನಿಸಲಿಲ್ಲ, ಕೊಟ್ಟ ಮಾತಿಗೆ ನಲವತ್ತು ದಿನವೂ ನಿಲ್ಲಲಿಲ್ಲವಲ್ಲ ಎನಿಸಿತು. ಮೋಶೆ ಸಿಟ್ಟಿಗೆದ್ದು ಹತ್ತು ಮಾತಿನ ಕಲ್ಲುಗಳನ್ನೇ ಒಡೆದುಹಾಕಿದ. ಸಾಲದ್ದಕ್ಕೆ ಬಿಡುಗಡೆ ಕೊಟ್ಟವನ ಮುಂದೆಯೇ, ಪರದೇಶದ ಉಳ್ಳಾಗಡ್ಡಿ, ಸೌತಿಕಾಯಿ ಎಷ್ಟು ಚಲೋ ಇದ್ದವು ಎಂದು ಅಳುವುದು ಬೇರೆ.

ಉಳ್ಳಾಗಡ್ಡಿಗೆ ಬಂದಾಗ ನನಗೆ ಚಂದಮ್ಮ ಕಣ್ಣಮುಂದೆ ಬಂದಳು. ಇದೇ, ಇದೇ ತೊಗರಿಬ್ಯಾಳಿ. ದೇವರ ಸಂಕಟ ನನಗೆ ಪೂರಾ ಅರ್ಥವಾಯಿತು. ಅವನಿಗೆ ಇಸ್ರಾಯೇಲ್ಯರು, ನನಗೆ ಕೊಡ್ಲಿಯವರು. ಅವನೂ ಹತ್ತು ಕಲಂ ಕೊಟ್ಟ, ನಾನೂ ಕೊಟ್ಟೆ. ನಂಬಿರಿ, ಸುಮಾರು ಹದಿನೈದು ದಿನ ನಾನು ಬೇವಿನ ಗಿಡದ ಕೆಳಗೆ ಬೆಟ್ಟದ ಮೇಲಿನ ದೇವರಾಗಿ ಕೂತಿದ್ದೆ. ಮೋಡ ಒಂದು ಕಮ್ಮಿ ಇತ್ತು, ಅದನ್ನು ಬೀಡಿಯ ಹೊಗೆಯಿಂದ ಸರಿದೂಗಿಸಿದೆ.

ಹದಿನಾರನೇ ದಿನ ಮಾಸ್ತರು ಬಂದರು. ಕಾಗದ ಮೇಜಿನ ಮೇಲಿಟ್ಟರು. ನನ್ನ ಕಣ್ಣು ನೇರ ಚೌಕಕ್ಕೆ ಹೋಯಿತು. ಹೆಬ್ಬೆಟ್ಟು ಇರಲಿಲ್ಲ.

“ಒಪ್ಪಲಿಲ್ಲೇನ್ರಿ?” ಅಂದೆ.

“ಬೇಡ ಅನಲಿಲ್ರಿ. ನಾ ಓದಿ ಹೇಳಿದೆ. ಹತ್ತೂ ಕೇಳಿದ್ರು, ಕೂಸಿಗಿ ಎಣ್ಣಿ ಹಚ್ಕೋತ. ಆಮ್ಯಾಲ ಒಂದೇ ಮಾತು ಕೇಳಿದ್ರು. ‘ಇದರಾಗ ಕೂಸಿನ ಸುದ್ದಿ ಎಲ್ಲಿ ಬಂತ್ರಿ ಮಾಸ್ತರ?’ ಅಂತ. ನಾ ತಿರಗಾಮುರಗಾ ಹುಡುಕಿದೆ. ನನಗೂ ಸಿಗಲಿಲ್ಲ.”

ನಾನು ಕಾಗದ ಕಸಿದುಕೊಂಡು ಓದಿದೆ. ಬ್ಯಾಳಿ ಇತ್ತು, ನೀರು ಇತ್ತು, ಗೊರಕೆ ಇತ್ತು. ಮಗಳು ಇರಲಿಲ್ಲ. ಮೂವತ್ತು ಹಳ್ಳಿಯ ಕರಾರಿನಲ್ಲಿ ಒಂದು ಬೇವಿನ ಗಿಡವನ್ನೂ ಬಿಡದೆ ಬರೆದ ಮುನಶಿ ತನ್ನ ಹೊಟ್ಟೆಯ ಕೂಸನ್ನು ಬಿಟ್ಟಿದ್ದ. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

“ಇನ್ನೊಂದು ಮಾತ್ರಿ,” ಮಾಸ್ತರು ಮೆಲ್ಲಗೆ ಅಂದರು. “ನಿಮ್ಮ ಮಾವ ಬಂಡೆಪ್ಪನವರಿಗಿ ನಾರುಹುಣ್ಣು ಆಗಿತ್ತಂತ. ಹುಳ ಎಳ್ಯಾಗ ಹರದು ಒಳಗ ಉಳೀತಂತ. ಕಾಲು ಬಾತು ಮೊಣಕಾಲು ಮಡಚಾಕ ಬರಾಂಗಿಲ್ಲ. ಐದು ತಿಂಗಳಾತು, ಕಟ್ಟಿ ಇಳದಿಲ್ಲ. ಆ ಮನ್ಯಾಗ ಬ್ಯಾರೆ ಗಂಡಮಕ್ಕಳಿಲ್ಲ. ಕರೀಲಿಕ್ಕಿ ಯಾರು ಬರಬೇಕ್ರಿ?”

ಅಂದು ಆ ಒಕ್ಕಲಿಗ ಬಾಯಿ ತೆರೆದದ್ದು ಇದಕ್ಕೇ. ಸಿಕ್ಕಿಬಿದ್ದಾಗ ಮಾತು ತಿರುಗಿಸುವುದೂ ನನ್ನ ಕಸುಬೇ. ಪುಸ್ತಕ ಮುಂದೆ ತಳ್ಳಿ, ದೇವರ ಕರಾರಿನಲ್ಲಿ ಹಿಡಿದ ತಪ್ಪು ತೋರಿಸಿದೆ. ಮಾಸ್ತರು ಪುಟದಂಚಿನ ನನ್ನ ಬರಹ ಓದಿ, ಸಿಟ್ಟಾಗದೆ, ಹೊಟ್ಟೆ ಹಿಡಿದುಕೊಂಡು ನಕ್ಕರು.

“ಸಹಿ ಇಲ್ಲ ಅನ್ನೂದು ಖರೇ ಅದ ಮುನಶೀರ. ಅಬ್ರಹಾಮಗ ನಡಿ ಅಂದ್ರ ಅವನು ತಪ್ತಿದ್ದ. ಮನಷ್ಯಾ ತಪ್ಪೂದು ದೇವರಿಗಿ ಗೊತ್ತದ. ಅದಕ್ಕ ಅವನ್ನ ಮಲಗಿಸಿ ತಾನೊಬ್ಬನೇ ನಡದ.” ಹಾಗೆನ್ನುತ್ತ ನನ್ನ ಅಂಗಿಯ ಗುಂಡಿಯ ಹತ್ತಿರ ಬೆರಳು ತೋರಿಸಿದರು. “ನಿಮ್ಮ ಕೊರಳಾಗ ಆ ಲಿಂಗ ಕಟ್ಟಿದಾಗ ನೀವು ಎಚ್ಚರ ಇದ್ರೇನ್ರಿ?”

ಎಲ್ಲಿಯ ಎಚ್ಚರ? ನಮ್ಮಲ್ಲಿ ಕೂಸು ಕಣ್ಣು ಸರಿಯಾಗಿ ಬಿಡುವ ಮೊದಲೇ ಗುರುಗಳು ಲಿಂಗ ಕಟ್ಟುತ್ತಾರೆ. ನಾನು ತೊಟ್ಟಿಲಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಾಗ ಕಟ್ಟಿದ್ದರಂತೆ, ಆಯಿ ಹೇಳುತ್ತಿದ್ದಳು. ಯಾರೂ ನನ್ನ ಹೆಬ್ಬೆಟ್ಟು ಕೇಳಲಿಲ್ಲ. ಅರ್ಧ ಕಾಯಿ ಕೊಟ್ಟು ಬಂದ ದಿನವೂ ಅದು ಎದೆಯ ಮೇಲೆಯೇ ಇತ್ತು, ಕೆಳಗಿಳಿದು ಹೋಗಲಿಲ್ಲ. ಅಷ್ಟು ವರ್ಷ ಪೂಜೆಗೆ ಕೂತು ಕಲಂ ಹೇಳಿದವನು ನಾನು, ಒಂದೇ ಒಂದು ಕಲಂ ಹೇಳದೆ ಇದ್ದದ್ದು ಅದು. ಬೇರೆಯವರ ಪುಸ್ತಕದಲ್ಲಿ ತಪ್ಪು ಹುಡುಕಲು ಹೋಗಿ ನನ್ನ ಕೊರಳಿಗೇ ಕೈ ಬಂತು.

ಮರುದಿನ ಬೆಳಗ್ಗೆ ಹೊರಟೆ. ಸೇಡಂತನಕ ರೈಲು, ಅಲ್ಲಿಂದ ಸಿಕ್ಕಷ್ಟು ಗಾಡಿ, ಸಿಗದಲ್ಲಿ ಕಾಲು. ಮನುಷ್ಯ ಎಷ್ಟು ಬೇಗ ಕೆಡುತ್ತಾನೆ ನೋಡಿರಿ. ಕೊಡ್ಲಿ ಹತ್ತಿರವಾಗುವಷ್ಟರಲ್ಲಿ ನಾನು ಮತ್ತೆ ದೇವರಾಗಿದ್ದೆ, ಈ ಸಲ ದೀವಟಿಗೆಯ ದೇವರು. ಕರೆಯದೆ, ಕರಾರಿಲ್ಲದೆ, ನಾನೊಬ್ಬನೇ ನಡೆದು ಹೋಗುತ್ತಿದ್ದೇನೆ, ಎಂಥ ದೊಡ್ಡತನ! ನನ್ನ ದೊಡ್ಡತನಕ್ಕೆ ನನಗೇ ಕಣ್ಣು ತುಂಬಿ ಬಂತು.

ಮಾವನ ಮನೆಯ ಬಾಗಿಲಿಗೆ ಎಡಕ್ಕೊಂದು ಕಟ್ಟೆ, ಬಲಕ್ಕೊಂದು ಕಟ್ಟೆ. ಒಂದರ ಮೇಲೆ ಮಾವ ಕಾಲು ಚಾಚಿಕೊಂಡು, ನಾಲ್ಕು ಜನ ಹಿರಿಯರ ಜೊತೆ. ಇನ್ನೊಂದರ ಮೇಲೆ ಹತ್ತಿ ಬಿಡಿಸುತ್ತಿದ್ದ ಹೆಣ್ಣುಮಕ್ಕಳು. ಎರಡೂ ಕಡೆಯವರು ನನ್ನತ್ತ ತಿರುಗಿದರು. ನಡುವಿನ ದಾರಿ ಹತ್ತು ಹೆಜ್ಜೆ ಇದ್ದೀತು. ಕರೆಯದ ಅಳಿಯ ಆ ಹತ್ತು ಹೆಜ್ಜೆ ನಡೆದಾಗ ಹೊಗೆಯಾಡಿದ್ದು ಖರೇ, ಕಿವಿಯಿಂದ. ಮಾವ ಏಳಲು ನೋಡಿ ಏಳಲಾರದೆ, “ಬರ್ರಿ ಮುನಶೀರ, ತಪ್ಪು ತಿಳೀಬ್ಯಾಡ್ರಿ, ನನ್ನ ಕಾಲು...” ಅಂದರು. ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅವರು ಹಾಗೆ ಅನ್ನಬಾರದಿತ್ತು. ನನಗೆ ಭಾಳ ನಾಚಿಕೆಯಾಯಿತು.

ಒಳಗೆ ಚಂದಮ್ಮ ತೊಟ್ಟಿಲ ಹತ್ತಿರ ನಿಂತಿದ್ದಳು. ಕೂಸನ್ನು ಎತ್ತಿ ನನ್ನ ಕೈಗೆ ಕೊಟ್ಟು, “ಕುತ್ತಿಗಿ ಹಿಡೀರಿ” ಅಂದಳು. ಹಿಡಿದೆ. ಎಣ್ಣೆಯ ವಾಸನೆ, ಹಣೆಗೆ ವಿಭೂತಿ, ಕೊರಳಲ್ಲಿ ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಪುಟ್ಟ ಲಿಂಗ. ನನ್ನ ಮುಖ ನೋಡಿ ಅಳಲಿಲ್ಲ, ಆ ಕೂಸಿಗೆ ನನ್ನ ಕಾಗದದ ಸುದ್ದಿ ಗೊತ್ತಿರಲಿಲ್ಲ.

“ಏನು ಹೆಸರು ಇಟ್ಟೀರಿ?” ಅಂದೆ.

“ಇಟ್ಟಿಲ್ರಿ.”

ನನಗೆ ಅರ್ಥವಾಗಲಿಲ್ಲ. ಒಳಗಿನಿಂದ ಅತ್ತೆ ಹೇಳಿದರು. ಕೂಸಿಗೆ ಹೆಸರಿಡಬೇಕಾದವಳು ಸೋದರತ್ತೆ, ಆಕೆ ಇಲ್ಲದ ಮನೆ ನನ್ನದು. ಯಾರಾದರೂ ಮುತ್ತೈದೆ ಕಿವಿಯಲ್ಲಿ ಹೆಸರು ಹೇಳಿಬಿಡಲಿ, ನಡೆಯುತ್ತದೆ ಎಂದು ಸ್ವಾಮಿಗಳೇ ಅಂದಿದ್ದರಂತೆ. ಇವಳು ಬೇಡವೆಂದಳಂತೆ. ಓಣಿಯವರು ನಕ್ಕರು, ಹೆಸರಿಲ್ಲದ ಕೂಸು ಎಂದರು, ಆದರೂ ಬೇಡವೆಂದಳಂತೆ. ದಿನಾ ತೊಟ್ಟಿಲು ತೂಗುವಾಗ ‘ಕೂಸೇ’ ಅನ್ನುವುದು, ಅಷ್ಟೇ.

ನಾನು ದೀವಟಿಗೆಯೂ ಅಲ್ಲ, ಒಲೆಯೂ ಅಲ್ಲ. ನಾನು ಕೊಡ್ಲಿಗೆ ನಡೆದು ಬರುವ ಐದು ತಿಂಗಳ ಮೊದಲೇ ಒಬ್ಬಳು ಆ ದಾರಿ ಒಬ್ಬಳೇ ನಡೆದು ಮುಗಿಸಿದ್ದಳು, ಹೆಬ್ಬೆಟ್ಟು ಒತ್ತದೆ, ಒಂದು ಷರತ್ತನ್ನೂ ಹಾಕದೆ. ನಾನು ಅಷ್ಟೂ ದಿನ ಮಲಗಿದ್ದೆ.

“ನೀನೇ ಇಡು,” ಅಂದೆ. “ನನಗ ಏನು ಹಕ್ಕು ಅದ?”

“ನಾನೇ ಇಡೂದಿದ್ರ ಇಷ್ಟು ದಿನ ಯಾಕ ಕಾಯ್ತಿದ್ದೆ?” ಅಂದಳು ಚಂದಮ್ಮ.

ನಾನು ಕೂಸಿನ ಕಿವಿಗೆ ಬಾಯಿ ಹಚ್ಚಿ ಹೆಸರು ಹೇಳಿದೆ. ಅರ್ಧವೇ ಹೊರಬಂತು. ಚಂದಮ್ಮ ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಳು, ಪೂರಾ ಹೇಳುವತನಕ.